ಕೋಟಿಯ ಕಾರಿನಲ್ಲಿ ರೆಕ್ಸಿನ್: ನಾಲ್ಕು ಎಸ್‌ಯುವಿಗಳ ಒಳಗೆ ಕುಳಿತು ನೋಡಿದ್ದು

ಕೋಟಿ ರೂಪಾಯಿಯ ಆಸುಪಾಸಿನ ಎಸ್‌ಯುವಿಗಳಲ್ಲಿ ಎಂಜಿನ್ ವಿಚಾರಕ್ಕೆ ತಲೆ ಕೆಡಿಸಿಕೊಳ್ಳುವ ಕಾಲ ಮುಗಿಯಿತು. ಮರ್ಸಿಡಿಸ್ ಜಿಎಲ್‌ಇ, ಬಿಎಂಡಬ್ಲ್ಯು ಎಕ್ಸ್5, ಆಡಿ ಕ್ಯೂ7, ವೊಲ್ವೊ ಎಕ್ಸ್‌ಸಿ90 ಈ ನಾಲ್ಕರಲ್ಲಿ ಯಾವುದೂ ಶಿರಾಡಿ ಘಾಟಿಯ ಏರಿನಲ್ಲಿ ಏದುಸಿರು ಬಿಡುವುದಿಲ್ಲ. ಬೆಂಗಳೂರಿನಿಂದ ಮಂಗಳೂರಿನವರೆಗೆ ಒಳಗೆ ಕುಳಿತವರ ಬೆನ್ನು, ತೊಡೆ, ಮಂಡಿ, ಮೂಗು ಏನು ಹೇಳುತ್ತವೆ ಎನ್ನುವುದಷ್ಟೇ ಉಳಿದ ಪ್ರಶ್ನೆ. ಬ್ರೋಷರಿನಲ್ಲಿ ಅದಕ್ಕೆ ಉತ್ತರವಿಲ್ಲ. ಶೋರೂಮಿನ ತಂಪಿನಲ್ಲಿ ಐದು ನಿಮಿಷ ಕುಳಿತರೂ ಸಿಗುವುದಿಲ್ಲ.

ಕೊಳ್ಳುವವರು ಪುತ್ತೂರಿನ ನಮ್ಮ ಭಾವ. ನಾನು ಜೊತೆಗಾರ. ಹಿಂದಿನ ಸೀಟಿನ ಪರೀಕ್ಷೆಗೆ ಮಂಡಿನೋವಿನ ಅಮ್ಮ, ಅಕ್ಕ, ಮತ್ತು ಘಾಟಿ ಕಂಡರೆ ಹೊಟ್ಟೆ ತೊಳೆಸುವ ಅಕ್ಕನ ಮಗಳು. ನಮಗೆ ಸಿಕ್ಕ ಗಾಡಿಗಳಲ್ಲಿ ಕೆಲವು ಶೋರೂಮಿನವು, ಕೆಲವು ಪರಿಚಯದವರವು. ಹಾಗಾಗಿ ಎಲ್ಲವೂ ಒಂದೇ ವರ್ಷದ, ಒಂದೇ ದರ್ಜೆಯ ಗಾಡಿಗಳಲ್ಲ. ಓದುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಮೊದಲ ತಕರಾರು ಎದ್ದದ್ದು ಎಕ್ಸ್5ರ ಬಾಗಿಲಲ್ಲೇ. ಮಾರಾಟದ ಹುಡುಗ ಸೀಟಿನ ಮೇಲೆ ಕೈಯಾಡಿಸುತ್ತ "ಇದು ಸೆನ್ಸಾಫಿನ್ ಸಾರ್" ಎಂದ. ಭಾವ ಬಗ್ಗಿ ಸೀಟಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಅಂದರೆ ರೆಕ್ಸಿನ್ ತಾನೇ?" ಹುಡುಗ ನಕ್ಕು ಸುಮ್ಮನಾದ. ಭಾವ ಹೇಳಿದ್ದು ತಪ್ಪೇನಲ್ಲ. ಬಿಎಂಡಬ್ಲ್ಯುವಿನ ಸೆನ್ಸಾಫಿನ್, ಮರ್ಸಿಡಿಸ್‌ನ ಆರ್ಟಿಕೊ, ವೊಲ್ವೊದ ನಾರ್ಡಿಕೊ ಮೂರೂ ಕೃತಕ ಹೊದಿಕೆಗಳೇ. ನಾರ್ಡಿಕೊದಲ್ಲಿ ಪೆಟ್ ಬಾಟಲಿಗಳ ಮರುಬಳಕೆಯ ಪ್ಲಾಸ್ಟಿಕ್, ಸ್ವೀಡನ್ ಮತ್ತು ಫಿನ್‌ಲೆಂಡ್ ಕಾಡುಗಳ ಮೂಲದ ಜೈವಿಕ ಪದಾರ್ಥ, ವೈನ್ ಬಾಟಲಿಗಳ ಬಿರಡೆ, ಎಲ್ಲವೂ ಸೇರಿವೆ. 2030ರ ಹೊತ್ತಿಗೆ ತನ್ನ ವಿದ್ಯುತ್ ಕಾರುಗಳಲ್ಲಿ ಚರ್ಮವೇ ಇರುವುದಿಲ್ಲ ಎಂದು ವೊಲ್ವೊ 2021ರಲ್ಲೇ ಸಾರಿತ್ತು. ಇನ್ನು ಮರ್ಸಿಡಿಸ್‌ನ ಕೃತಕ ಚರ್ಮವಂತೂ ಜರ್ಮನಿಯ ಟ್ಯಾಕ್ಸಿಗಳಲ್ಲಿ ದಶಕಗಳ ಕಾಲ ಸವೆಯದೆ ದುಡಿದು ಹೆಸರು ಮಾಡಿದ್ದು.

ಕೋಟಿ ಕೊಟ್ಟವನಿಗೆ ಇಷ್ಟರಿಂದ ಸಮಾಧಾನವಾಗುವುದಿಲ್ಲ, ನಿಜ. ಆದರೆ ಅಸಲಿ ಚರ್ಮ ಎನ್ನುವ ಮಾತಿನಲ್ಲೂ ಅರ್ಧ ಸತ್ಯವೇ ಇರುವುದು. ಕಾರಿನ ಸೀಟಿಗೆ ಬರುವ ಚರ್ಮದಲ್ಲಿ ಬಹುಪಾಲಿನ ಮೇಲೆ ಬಣ್ಣದ, ಪಾಲಿಯುರೆಥೇನಿನ ಲೇಪನ ಕೂತಿರುತ್ತದೆ. ಬೆರಳಿಗೆ ತಾಗುವುದು ಆ ಲೇಪನ. ಚರ್ಮ ಅದರ ಕೆಳಗಿರುತ್ತದೆ. ಲೇಪನ ತೆಳುವಾದಷ್ಟೂ ಸ್ಪರ್ಶ ಮೆದು, ಬಾಳಿಕೆ ಕಡಿಮೆ. ಅದೂ ಅಲ್ಲದೆ ಲೆದರ್ ಸೀಟು ಎಂದು ಬರೆದಿರುವ ಎಷ್ಟೋ ಗಾಡಿಗಳಲ್ಲಿ ಚರ್ಮ ಇರುವುದು ಮೈ ತಾಗುವ ಭಾಗಕ್ಕೆ ಮಾತ್ರ. ಸೀಟಿನ ಪಕ್ಕೆ, ಬೆನ್ನ ಹಿಂಬದಿ ಎಲ್ಲ ಭಾವನ ಭಾಷೆಯ ರೆಕ್ಸಿನ್ನೇ.

ಕರಾವಳಿಯವರಿಗೆ ಇನ್ನೊಂದು ಲೆಕ್ಕವಿದೆ. ಆಟಿ ತಿಂಗಳ ಜಡಿಮಳೆಯಲ್ಲಿ ಕಪಾಟಿನ ಬೆಲ್ಟು, ಚಪ್ಪಲಿಗಳ ಮೇಲೆ ಬೂಷ್ಟು ಹತ್ತುವುದನ್ನು ಕಂಡವರು ಅಸಲಿ ಚರ್ಮದ ಸೀಟನ್ನು ವಾರಗಟ್ಟಲೆ ಮುಚ್ಚಿದ ಗ್ಯಾರೇಜಿನಲ್ಲಿ ಬಿಡಲು ಯೋಚಿಸುತ್ತಾರೆ. ಕ್ಯೂ7ರಲ್ಲಿ ಕ್ರಿಕೆಟ್ ಎಂಬ ಹೆಸರಿನ ಚರ್ಮ ಬರುತ್ತದೆ. ಕೈಗೆ ಸ್ವಲ್ಪ ಗಟ್ಟಿ, ನೋಟಕ್ಕೆ ಶಿಸ್ತು, ಹೊಲಿಗೆ ನೂಲು ಹಿಡಿದು ಎಳೆದಷ್ಟು ನೇರ. ಬೆಂಗಳೂರಿನ ಒಣ ಹವೆಯಲ್ಲಿ ನಾನು ಅದನ್ನೇ ಆರಿಸುತ್ತಿದ್ದೆನೇನೋ. ಪುತ್ತೂರಿನ ಮಳೆಗೆ ಕೃತಕ ಹೊದಿಕೆಯೇ ವಾಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ತಲೆಯಾಸರೆಯ ವಿಚಾರವನ್ನು ಯಾವ ವಿಮರ್ಶಕರೂ ಬರೆಯುವುದಿಲ್ಲ. ನಮ್ಮಲ್ಲಿ ತಲೆಗೆ ತೆಂಗಿನೆಣ್ಣೆ ಹಚ್ಚುತ್ತಾರೆ, ಮಲ್ಲಿಗೆ ಮುಡಿಯುತ್ತಾರೆ. ಎಣ್ಣೆಯೂ ಬೆವರೂ ಸೇರಿ ಲೇಪನವನ್ನು ನಿಧಾನವಾಗಿ ತಿನ್ನುತ್ತವೆ. ಪರಿಚಯದವರೊಬ್ಬರ ಹಳೆಯ ಗಾಡಿಯಲ್ಲಿ, ಯಾವ ಕಂಪನಿಯದೆಂಬುದು ಬೇಡ, ತಿಳಿ ಕಂದು ಬಣ್ಣದ ತಲೆಯಾಸರೆಯ ನಟ್ಟನಡುವೆ ಅಂಗೈಯಗಲದ ಕಪ್ಪು ಕಲೆ ಕೂತಿತ್ತು. ಹತ್ತಿರದಿಂದ ನೋಡಿದರೆ ಕಲೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಉಗುರು ತಾಗಿಸಿದರೆ ಲೇಪನ ಹೊಟ್ಟಿನಂತೆ ಎದ್ದು ಬರುತ್ತಿತ್ತು. ಅದೇ ಗಾಡಿಯ ಗೇರ್ ಹಿಡಿಯ ಸುತ್ತ ಮಿರುಗುವ ಕಪ್ಪು ಪ್ಲಾಸ್ಟಿಕ್ಕು. ಅದರ ಮೇಲೆ ಒಣಬಟ್ಟೆಯಿಂದ ಧೂಳೊರೆಸಿದ ಗೀರುಗಳು ಸುತ್ತು ಸುತ್ತಾಗಿ ಬಿಸಿಲಿಗೆ ಹೊಳೆಯುತ್ತಿದ್ದವು. ಈ ಮಿರುಗು ಪ್ಲಾಸ್ಟಿಕ್ಕಿನ ಮೇಲೆ ನನಗೆ ಹಳೆಯ ದ್ವೇಷ. ನಾಲ್ಕೂ ಗಾಡಿಗಳಲ್ಲಿ ಎಲ್ಲೋ ಒಂದು ಕಡೆ ಅದು ಇದ್ದೇ ಇದೆ. ಆಯ್ಕೆ ಇರುವಲ್ಲಿ ಪಾಲಿಶ್ ಹೊಡೆಯದ, ಮರದ ಎಳೆ ಕೈಗೆ ಸಿಗುವ ಪಟ್ಟಿಯನ್ನೇ ಕೇಳಿ ಹಾಕಿಸಿಕೊಳ್ಳಿ.

ಕೈಗೆ ಸಿಗುವ ವಸ್ತುಗಳ ವಿಚಾರದಲ್ಲಿ ಎಕ್ಸ್‌ಸಿ90 ಬೇರೆಯದೇ ಮನೆತನದ್ದು. 2014ರಲ್ಲಿ ಅನಾವರಣಗೊಂಡ ವಿನ್ಯಾಸ ಇದು. ನಂತರ ತಿದ್ದುಪಡಿಗಳಾಗಿವೆ, ನಡುವಿನ ಉದ್ದನೆಯ ಪರದೆ 9 ಇಂಚಿನಿಂದ 11.2 ಇಂಚಿಗೆ ಬೆಳೆದಿದೆ. ಆದರೂ ಒಳಗಿನ ಮೂಲ ಗುಣ ಬದಲಾಗಿಲ್ಲ. ಧ್ವನಿ ಹೆಚ್ಚು ಕಡಿಮೆ ಮಾಡುವ ತಿರುಗಣೆಯ ಅಂಚಿಗೆ ಸಣ್ಣ ಸಣ್ಣ ಪಟ್ಟಗಳನ್ನು ಕೊರೆದಿದ್ದಾರೆ. ಕಣ್ಣು ರಸ್ತೆಯ ಮೇಲಿದ್ದಾಗಲೂ ಬೆರಳು ಅದನ್ನು ತಾನಾಗಿಯೇ ಹುಡುಕಿಕೊಳ್ಳುತ್ತದೆ. ಗೇರ್ ಹಿಡಿ ಸ್ವೀಡನ್ನಿನ ಒರೆಫೋರ್ಸ್ ಸ್ಫಟಿಕ ಗಾಜಿನದು. ಮೊದಲು ಇದು ಶೋಕಿ ಎಂದುಕೊಂಡೆ. ಬೆಳಗಿನ ತಂಪಿನಲ್ಲಿ ಅಂಗೈಗೆ ಆ ಗಾಜಿನ ತಣ್ಣನೆಯ ಭಾರ ತಾಗಿದಾಗ ಮಾತು ಹಿಂತೆಗೆದುಕೊಂಡೆ. ಅಂದ ಹಾಗೆ ಎಕ್ಸ್‌ಸಿ90 ಜೋಡಣೆಯಾಗುವುದು ನಮ್ಮ ಹೊಸಕೋಟೆಯ ಬಳಿ, 2017ರಿಂದ.

ಸೀಟಿನ ಹೊದಿಕೆಗಿಂತ ಸೀಟಿನ ಆಕಾರ ದೊಡ್ಡದು. ಸೀಟು ಮೆತ್ತಗಿದ್ದರೆ ಸುಖ ಎಂದು ಶೋರೂಮಿನಲ್ಲಿ ಅನಿಸುತ್ತದೆ. ಹಾಸನ ದಾಟುವ ಹೊತ್ತಿಗೆ ಸೊಂಟ ಬೇರೆ ಮಾತಾಡುತ್ತದೆ. ಮುಂದಿನ ಸೀಟುಗಳಲ್ಲಿ ಎಕ್ಸ್‌ಸಿ90ಕ್ಕೆ ನನ್ನ ಪಟ್ಟಿಯಲ್ಲಿ ಎದುರಾಳಿಯೇ ಇಲ್ಲ. ಕುಶನ್ನು ಮುಂದಕ್ಕೆ ಚಾಚಿಕೊಂಡು ಮಂಡಿಯ ಹಿಂದಿನವರೆಗೆ ತೊಡೆಯನ್ನು ಹೊರುತ್ತದೆ. ಪಕ್ಕೆಯ ಆಸರೆಗಳನ್ನು ಮೈಗೆ ತಕ್ಕಂತೆ ಬಿಗಿ ಮಾಡಬಹುದು, ಸಡಿಲಿಸಬಹುದು. ನಾನು ಕುಳಿತ ಗಾಡಿಯಲ್ಲಿ ಸೀಟಿನ ರಂಧ್ರಗಳಿಂದ ಗಾಳಿಯೂ ಬರುತ್ತಿತ್ತು, ಬೆನ್ನು ಒತ್ತುವ ಯಂತ್ರವೂ ಇತ್ತು. ಗಾಳಿ ನಮ್ಮ ಹವೆಗೆ ಬೇಕೇ ಬೇಕು, ಒತ್ತುವ ಯಂತ್ರವನ್ನು ಮೊದಲ ವಾರದ ನಂತರ ಯಾರೂ ಮುಟ್ಟುವುದಿಲ್ಲ. ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ ಬೆನ್ನಾಸರೆ ತಾನೂ ಹಿಂದಕ್ಕೆ ಸರಿದು ಕತ್ತನ್ನು ಕಾಯುವ ವ್ಯವಸ್ಥೆಯನ್ನು ವೊಲ್ವೊ 1998ರಿಂದಲೂ ಇಟ್ಟುಕೊಂಡು ಬಂದಿದೆ. ಆ ಕಂಪನಿಯ ಸೀಟುಗಳಿಗೆ ಹೆಸರು ಬಂದಿರುವುದರಲ್ಲಿ ಇದರ ಪಾಲೂ ಇದೆ.

ಎಕ್ಸ್5ರ ಮುಂದಿನ ಸೀಟು ಓಡಿಸುವವನನ್ನು ತಬ್ಬಿ ಹಿಡಿಯುತ್ತದೆ. ಘಾಟಿಯಲ್ಲಿ ಅದೇ ಬೇಕು. ಕ್ಯೂ7ರದು ಅಗಲ, ಸ್ವಲ್ಪ ಗಟ್ಟಿ, ದಪ್ಪ ಮೈಯವರಿಗೆ ಹೇಳಿ ಮಾಡಿಸಿದ ಹಾಗಿದೆ. ಜಿಎಲ್‌ಇಯಲ್ಲಿ ನಡುವಿನ ಕಟ್ಟೆಯ ಎರಡೂ ಬದಿಗೆ ಹಿಡಿದುಕೊಳ್ಳಲು ಹಿಡಿಕೆಗಳಿವೆ. ನೋಡಲು ಜೀಪಿನ ನೆನಪು, ಕೆಲಸಕ್ಕೆ ಅಷ್ಟಕ್ಕಷ್ಟೆ.

ಹಿಂದಿನ ಸೀಟಿಗೆ ಬಂದರೆ ಲೆಕ್ಕ ತಲೆಕೆಳಗು. ಇಂಥ ಕಾರುಗಳ ಮಾಲೀಕರಲ್ಲಿ ಅರ್ಧ ಜನ ಕೂರುವುದೇ ಅಲ್ಲಿ, ಮುಂದೆ ಚಾಲಕ ಇರುತ್ತಾನೆ. ಜಿಎಲ್‌ಇಯ ಗಾಲಿಗಳ ನಡುವಿನ ಅಂತರ 2,995 ಮಿಲಿಮೀಟರ್, ಹಿಂದಿನ ಪೀಳಿಗೆಗಿಂತ 80 ಮಿಲಿಮೀಟರ್ ಹೆಚ್ಚು. ಆ ಉದ್ದವನ್ನೆಲ್ಲ ಅವರು ಹಿಂದಿನ ಕಾಲುಗಳಿಗೆ ಕೊಟ್ಟಂತಿದೆ. ಸೀಟನ್ನು ಗುಂಡಿ ಒತ್ತಿ ಹಿಂದೆ ಮುಂದೆ ಸರಿಸಬಹುದು, ಬೆನ್ನನ್ನು ವಾಲಿಸಬಹುದು. ಅಮ್ಮ ಚಪ್ಪಲಿ ಬಿಟ್ಟು ಕಾಲು ನೀಡಿ ಕುಳಿತರು, ಮಾರನಹಳ್ಳಿ ಬರುವ ತನಕ ಎದ್ದು ಕೂರಲಿಲ್ಲ. ಎಕ್ಸ್5ರ ಹಿಂಬದಿಯಲ್ಲಿ ಜಾಗಕ್ಕೆ ಕೊರತೆಯಿಲ್ಲ, ಆದರೆ ಬೆನ್ನು ನೆಟ್ಟಗೆ. ಎಕ್ಸ್‌ಸಿ90ದಲ್ಲಿ ನಡುವಿನ ಸಾಲು ಮೂರು ಬೇರೆ ಬೇರೆ ಸೀಟುಗಳಾಗಿ ಒಡೆದಿದೆ. ಮೂರನೆಯವನಿಗೂ ಮರ್ಯಾದೆ ಸಿಗುತ್ತದೆ. ಆದರೆ ಕುಶನ್ನು ಚಪ್ಪಟೆ, ಜಿಎಲ್‌ಇಯ ಮೆತ್ತೆ ಇಲ್ಲಿಲ್ಲ. ನಡುವಿನ ಸೀಟಿನಿಂದ ಮಕ್ಕಳಿಗೆಂದು ಎತ್ತರದ ಪೀಠವೊಂದು ಮೇಲೇಳುತ್ತದೆ. ಅಕ್ಕನಿಗೆ ಇಡೀ ಗಾಡಿಯಲ್ಲಿ ಹಿಡಿಸಿದ್ದು ಅದೊಂದೇ.

ಸೀರೆ ಉಟ್ಟವರಿಗೆ ಹತ್ತುವುದು ಇಳಿಯುವುದೇ ಪರೀಕ್ಷೆ. ಎಕ್ಸ್‌ಸಿ90 ಎಂಜಿನ್ ಆರಿಸಿದಾಗ ಏರ್ ಸಸ್ಪೆನ್ಷನ್ನಿನ ಮೇಲೆ ಮೆಲ್ಲಗೆ ಕೆಳಗಿಳಿದು ಕೂರುತ್ತದೆ. ಅಮ್ಮ ಮೊದಲ ಸಲ ಅದನ್ನು ಕಂಡು "ಟಯರಿನ ಗಾಳಿ ಹೋಯಿತೇನೋ ನೋಡು" ಎಂದರು. ರೇಷ್ಮೆ ಸೀರೆ ನುಣುಪು ಸೀಟಿನ ಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಜಾರುತ್ತದೆ. ರಂಧ್ರಗಳಿರುವ ಹೊದಿಕೆಯಲ್ಲಿ ಆ ಕಷ್ಟ ಕಡಿಮೆ. ಮದುವೆ ಮನೆಗಳಿಗೆ ಓಡಾಡುವ ಸಂಸಾರಕ್ಕೆ ಇದು ಸಣ್ಣ ಮಾತಲ್ಲ.

ಮೂರನೇ ಸಾಲು ಇರುವುದು ಕ್ಯೂ7, ಎಕ್ಸ್‌ಸಿ90 ಎರಡರಲ್ಲಿ. 170 ಸೆಂಟಿಮೀಟರ್ ಎತ್ತರದವರೆಗಿನವರು ಕೂರಬಹುದೆಂದು ವೊಲ್ವೊ ಹೇಳುತ್ತದೆ, ಕೂತು ನೋಡಿದೆ, ಮಾತು ಸುಳ್ಳಲ್ಲ. ಕ್ಯೂ7ರ ಕೊನೆಯ ಸಾಲು ಮಕ್ಕಳಿಗೆ, ಅಥವಾ ಬಾಳೆಗೊನೆಗೆ.

ಗುಂಡಿಗಳ ವಿಚಾರದಲ್ಲಿ ನನ್ನ ತಾಳ್ಮೆ ಕಡಿಮೆ. 2023ರ ಪರಿಷ್ಕರಣೆಯಲ್ಲಿ ಎಕ್ಸ್5ಕ್ಕೆ 12.3 ಮತ್ತು 14.9 ಇಂಚಿನ ಎರಡು ಪರದೆಗಳನ್ನು ಒಂದೇ ಬಾಗಿದ ಗಾಜಿನ ಕೆಳಗೆ ಕೂರಿಸಿದರು. ಆ ಭರದಲ್ಲಿ ಎ.ಸಿ.ಯ ಗುಂಡಿಗಳು ಪರದೆಯೊಳಗೆ ಸೇರಿಹೋದವು. ಪರದೆಯನ್ನು ನಡೆಸುವ ಕೈಕೆಳಗಿನ ತಿರುಗಣೆಯನ್ನು ಉಳಿಸಿಕೊಂಡದ್ದು ಪುಣ್ಯ. ಕ್ಯೂ7ರಲ್ಲಿ ಎ.ಸಿ.ಗೆಂದೇ ಕೆಳಗೆ 8.6 ಇಂಚಿನ ಇನ್ನೊಂದು ಪರದೆ. ಒತ್ತಿದರೆ ಬೆರಳಿಗೆ ಸಣ್ಣದಾಗಿ ಟಕ್ಕೆಂದು ತಾಗುತ್ತದೆ, ಬೆರಳಚ್ಚೂ ಉಳಿಯುತ್ತದೆ. ಜಿಎಲ್‌ಇಯಲ್ಲಿ ಗಾಳಿಕಿಂಡಿಗಳ ಕೆಳಗೆ ಎ.ಸಿ.ಗೆ ಅಸಲಿ ಗುಂಡಿಗಳ ಸಾಲೇ ಇದೆ. ಸ್ಟೀರಿಂಗಿನ ಮೇಲಿನ ಸ್ಪರ್ಶ ಗುಂಡಿಗಳು ಮಾತ್ರ ನನಗೆ ಹಿಡಿಸಲಿಲ್ಲ, ಹೆಬ್ಬೆರಳು ಸೋಕಿದರೂ ಅವು ಎಚ್ಚರಗೊಳ್ಳುತ್ತವೆ.

ಸವಾರಿಯ ಸುಖಕ್ಕೆ ಅಕ್ಕನ ಮಗಳೇ ಮಾಪಕ. ಗಾಡಿ ಮೆತ್ತಗೆ ತೇಲಿದಷ್ಟೂ ತಿರುವುಗಳಲ್ಲಿ ಅವಳ ಮುಖ ಬಿಳುಚುತ್ತದೆ. ಹೆದ್ದಾರಿಯಲ್ಲಿ ಜಿಎಲ್‌ಇಯೂ ಕ್ಯೂ7ರೂ ರಸ್ತೆಯ ಒರಟುತನವನ್ನು ನುಂಗಿಕೊಳ್ಳುವ ರೀತಿ ಸೊಗಸು. ಕ್ಯೂ7 ಹೆಚ್ಚು ನಿಶ್ಶಬ್ದ ಎಂದು ನನ್ನ ಕಿವಿಯ ಅಭಿಪ್ರಾಯ. ಆದರೆ ಸಕಲೇಶಪುರ ದಾಟಿ ಘಾಟಿಯ ಸುತ್ತುಗಳು ಶುರುವಾದ ಮೇಲೆ ವಾಲದೆ ನಿಂತದ್ದು ಎಕ್ಸ್5. ಅದರ ದೊಡ್ಡ ಚಕ್ರ, ತೆಳು ಟಯರು ಹೊಂಡದ ಅಂಚನ್ನು ಸೊಂಟಕ್ಕೆ ತಲುಪಿಸುವುದು ಹೌದು. ಆದರೂ ಗುಂಡ್ಯ ಬರುವವರೆಗೆ ಹುಡುಗಿ ಹಾಡು ಹೇಳುತ್ತ ಕುಳಿತಿದ್ದಳು.

ಮೂಗಿನ ಮಾತೂ ಒಂದಿದೆ. ಹೊಸ ಕಾರಿನ ವಾಸನೆ ಎಂದು ಜನ ಹಿಗ್ಗುವುದು ಅಂಟು, ಪ್ಲಾಸ್ಟಿಕ್ಕು, ಹೊದಿಕೆಗಳಿಂದ ಆವಿಯಾಗುವ ರಾಸಾಯನಿಕಗಳಿಗೆ. ಬಿಸಿಲಲ್ಲಿ ನಿಲ್ಲಿಸಿದರೆ ಅದು ಹೆಚ್ಚುತ್ತದೆ, ಹೊಟ್ಟೆ ತೊಳೆಸುವವರಿಗೆ ಶತ್ರು. ಮೊದಲ ಕೆಲವು ವಾರ ಕಿಟಕಿ ತೆರೆದು ಓಡಿಸುವುದೇ ಮದ್ದು.

ಕೊನೆಗೆ ನನ್ನ ತೀರ್ಪು: ಓಡಿಸುವವನೇ ಮಾಲೀಕನಾಗಿ ಘಾಟಿಯಲ್ಲಿ ಸದಾ ಓಡಾಟವಿದ್ದರೆ ಎಕ್ಸ್5. ಮನೆಮಂದಿ ಆರೇಳು ಜನರಾದರೆ ಎಕ್ಸ್‌ಸಿ90, ಬೆನ್ನುನೋವಿನವರಿಗಂತೂ ಅದೇ; ಡೀಸೆಲ್ ಬೇಕೆನ್ನುವವರು ಮಾತ್ರ ಅದರ ಆಸೆ ಬಿಡಬೇಕು. ಹೆದ್ದಾರಿಯಲ್ಲೇ ದಿನ ಕಳೆಯುವವರು ಕ್ಯೂ7ರ ಮೌನಕ್ಕೆ ಸೋಲುತ್ತಾರೆ. ಹಿರಿಯರನ್ನು ಹಿಂದೆ ಕೂರಿಸಿಕೊಂಡು ಹೋಗುವವರಿಗೆ ಜಿಎಲ್‌ಇ. ಭಾವ ಮುಂಗಡ ಕೊಟ್ಟದ್ದು ಅದಕ್ಕೇ, ರೆಕ್ಸಿನ್ ಎಂದು ಗೊಣಗಿಕೊಂಡೇ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಮೇಲೆ ಸೆಸ್ಸು. ಅದನ್ನು ಕೂಡಿಸಿ ನೋಡಿದ ಮೇಲೆ ಗೊಣಗಾಟ ಸೀಟಿನಿಂದ ಸರ್ಕಾರದ ಕಡೆ ತಿರುಗಿತು. ಬಣ್ಣದ ವಿಚಾರದಲ್ಲಿ ಮಾತ್ರ ನನ್ನ ಮಾತು ನಡೆಯಿತು: ಶೋರೂಮಿನವರು ಹೊಗಳಿದ ಕೆನೆಬಣ್ಣ ಬಿಟ್ಟು ಕಪ್ಪು. ಜೀನ್ಸ್ ಪ್ಯಾಂಟಿನ ನೀಲಿ, ಕೆಂಪು ಮಣ್ಣು, ಅಮ್ಮನ ಎಲೆಯಡಿಕೆ ಮೂರೂ ಇರುವ ಮನೆಗೆ ಕೆನೆಬಣ್ಣ ಒಗ್ಗುವುದಿಲ್ಲ. ಕಪ್ಪು ಸೀಟು ಬಿಸಿಲಿಗೆ ಬೇಗ ಕಾಯುತ್ತದೆ ನಿಜ, ಅದಕ್ಕೆ ಅಂಗಳದ ಹಲಸಿನ ಮರದ ನೆರಳಿದೆ.