ಪಾಣಿಪಂಚೆ ಹೊದ್ದ ಸ್ನೇರ್: ಹಳೇ ಸೋಲ್ ಡ್ರಮ್ಸ್‌ಗೆ ಮೂರು ದಾರಿ

"ಹಳೇ ಸೋಲ್ ಡ್ರಮ್ಸ್ ಸೌಂಡ್ ಬೇಕು" ಅಂದರೆ ಅರ್ಧ ಮಾತು ಹೇಳಿದ ಹಾಗೆ. (ಸೋಲ್ ಅಂದರೆ ಅರವತ್ತು–ಎಪ್ಪತ್ತರ ದಶಕದಲ್ಲಿ ಮೆರೆದ, ಅಮೆರಿಕದ ಕಪ್ಪು ಗಾಯಕರ ಸಂಗೀತ.) ಯಾವ ಊರಿನದು, ಯಾವ ಕೋಣೆಯದು ಅಂತ ಕೇಳಲೇಬೇಕು. ಡೆಟ್ರಾಯ್ಟ್‌ನ ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡಿನಲ್ಲಿ, ಮನೆಯೊಂದರೊಳಗೇ ಇದ್ದ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೊ ಒಂದು ಥರ. ಮೆಂಫಿಸ್‌ನಲ್ಲಿ ಹಳೇ ಟಾಕೀಸನ್ನೇ ಸ್ಟುಡಿಯೊ ಮಾಡಿಕೊಂಡಿದ್ದ ಸ್ಟ್ಯಾಕ್ಸ್ ಕಂಪನಿ ಇನ್ನೊಂದು ಥರ. ಸಿನಿಮಾ ನೋಡುವವರಿಗೆ ಮಾಡಿದ್ದ ಇಳಿಜಾರು ನೆಲವನ್ನೂ ಅವರು ಹಾಗೇ ಬಿಟ್ಟಿದ್ದರು. ಅದೇ ಊರಿನ ಹೈ ರೆಕಾರ್ಡ್ಸ್‌ನವರ ರಾಯಲ್ ಸ್ಟುಡಿಯೊ ಕೂಡ ಒಂದು ಕಾಲದ ಟಾಕೀಸೇ. ಸ್ವಾರಸ್ಯ ಏನೆಂದರೆ, ಡ್ರಮ್ಮರ್ ಆಲ್ ಜಾಕ್ಸನ್ ಜೂನಿಯರ್ ಮೆಂಫಿಸ್‌ನ ಈ ಎರಡೂ ಕಡೆ ನುಡಿಸಿದವರು. ಸ್ಟ್ಯಾಕ್ಸ್‌ನಲ್ಲಿ ಗಾಯಕ ಓಟಿಸ್ ರೆಡ್ಡಿಂಗ್ ಹಿಂದೆ ಅವರ ಸ್ನೇರ್ (ಕೆಳಗೆ ತಂತಿ ಕಟ್ಟಿದ, ಮುಖ್ಯ ಏಟಿನ ಡ್ರಮ್) ಚಟ್ಟನೆ ಸಿಡಿಯುತ್ತದೆ. ರಾಯಲ್‌ನಲ್ಲಿ, ನಿರ್ಮಾಪಕ ವಿಲ್ಲಿ ಮಿಚೆಲ್ ಉಸ್ತುವಾರಿಯಲ್ಲಿ, ಗಾಯಕ ಆಲ್ ಗ್ರೀನ್ ಹಿಂದೆ ಅದೇ ಕೈ ದಪ್ಪಗೆ, ಒಣಗಿಕೊಂಡು, ಕಿವಿಯ ಪಕ್ಕದಲ್ಲೇ ಬಡಿದಂತೆ ಕೇಳುತ್ತದೆ. ನನಗೆ ಬೇಕಿದ್ದದ್ದು ಈ ಎರಡನೆಯದು.

ಅದನ್ನು ಹಿಡಿಯಲು ಮೂರು ದಾರಿ ಹಿಡಿದು ನೋಡಿದೆ: ಸ್ಯಾಂಪಲ್ ಪ್ಯಾಕ್ (ಮೊದಲೇ ರೆಕಾರ್ಡ್ ಮಾಡಿಟ್ಟ ಏಟುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು), ಈಗಿನ ಪದ್ಧತಿಯಂತೆ ಒಂದೊಂದು ಡ್ರಮ್ಮಿಗೂ ಒಂದೊಂದು ಮೈಕ್, ಮತ್ತೆ ಇಡೀ ಕಿಟ್‌ಗೆ, ಅಂದರೆ ಡ್ರಮ್ಸ್ ಸೆಟ್ಟಿಗೆ, ಒಂದೇ ಮೈಕ್.

ಸ್ಯಾಂಪಲ್ ಪ್ಯಾಕಿನ ವಿಷಯ ಬೇಗ ಮುಗಿಸುತ್ತೇನೆ. ಒಂದೊಂದೇ ಏಟು ಕೇಳಿದರೆ ಮೋಹಕ. ಸ್ನೇರ್ ಒಂದನ್ನೇ ಒತ್ತಿದಾಗ "ಆಹಾ, ಇದೇ" ಅನಿಸುತ್ತದೆ. ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಓಡಿಸಿದಾಗ ಮುಖವಾಡ ಕಳಚುತ್ತದೆ. ನಿಜವಾದ ಕಿಟ್‌ನಲ್ಲಿ ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಬಿದ್ದಾಗ ಸ್ನೇರಿನ ಕೆಳಗಿನ ತಂತಿಗಳೂ ಜುಮ್ಮೆನ್ನುತ್ತವೆ, ಪಕ್ಕದ ಟಾಮ್ ಡ್ರಮ್ ಸಣ್ಣಗೆ ಗುನುಗುತ್ತದೆ. ಬೇರೆ ಬೇರೆಯಾಗಿ ಹಿಡಿದ ಏಟುಗಳನ್ನು ಜೋಡಿಸಿದರೆ ಈ ಒಳಮಾತು ಬರುವುದಿಲ್ಲ. ಎರಡು ದೊಡ್ಡ ಏಟುಗಳ ನಡುವೆ ಎಡಗೈ ಸ್ನೇರ್ ಮೇಲೆ ಸವರಿದ ಹಾಗೆ ಬಿಡುವ ಘೋಸ್ಟ್ ನೋಟ್‌ಗಳಂತೂ ಮೌಸ್‌ನಲ್ಲಿ ಎಷ್ಟು ತಿದ್ದಿದರೂ ಜೀವ ಪಡೆಯಲಿಲ್ಲ. ಹಾಡು ಕಟ್ಟುವಾಗ, ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯವರ ಭಯ ಇರುವಾಗ, ಇದೇ ಸಾಕು.

ಆರು ಮೈಕ್‌ಗಳ ದಾರಿ ಹೆಚ್ಚು ಕಾಡಿಸಿತು, ಯಾಕೆಂದರೆ ಅದು ಕೆಟ್ಟದಾಗಿ ಕೇಳುವುದೇ ಇಲ್ಲ. ಕಿಕ್, ಸ್ನೇರ್, ಎರಡು ಟಾಮ್, ಮೇಲೆ ಎರಡು ಓವರ್‌ಹೆಡ್ ಮೈಕ್. ದೊಡ್ಡದಾಗಿ, ಸ್ವಚ್ಛವಾಗಿ ಬಂತು, ಆದರೆ 1971ರ ಮೆಂಫಿಸ್ ಅಂತ ಯಾರೂ ನಂಬುವ ಹಾಗಿರಲಿಲ್ಲ. ಸ್ನೇರಿಗೆ ಎರಡು ಇಂಚು ಹತ್ತಿರ ಇಟ್ಟ ಮೈಕ್ ಕಡ್ಡಿ ತಾಕುವ ಸದ್ದನ್ನೇ ಮುಂದೆ ತರುತ್ತದೆ. ಡ್ರಮ್ಮಿನ ಸದ್ದು ಒಂದಿಷ್ಟು ಗಾಳಿ ದಾಟಿ ಒಂದಾಗುವ ಮೊದಲೇ ಹಿಡಿದುಬಿಡುತ್ತದೆ. ಜೊತೆಗೆ ಫೇಸ್ ತಲೆನೋವು, ಅಂದರೆ ಒಂದೇ ಸದ್ದಿನ ಅಲೆಗಳು ಬೇರೆ ಬೇರೆ ಮೈಕ್‌ಗಳಲ್ಲಿ ಹೊಂದದಿರುವುದು. ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಾಗಾಗಿ ಒಂದೇ ಸ್ನೇರ್ ಏಟು ಹತ್ತಿರದ ಮೈಕಿಗೆ ಈಗ, ಒಂದು ಮೀಟರ್ ಮೇಲಿನದಕ್ಕೆ ಸುಮಾರು ಮೂರು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡನ್ನೂ ಕೂಡಿಸಿದಾಗ ಕೆಲವು ಸ್ವರಾಂಶಗಳು ಒಂದನ್ನೊಂದು ತಿಂದುಹಾಕುತ್ತವೆ. ಮೊದಲು ಹೋಗುವುದು ಸ್ನೇರಿನ ಹೊಟ್ಟೆ, ಅಂದರೆ ಅದರ ದಪ್ಪ ಸದ್ದು, ನಮಗೆ ಬೇಕಾದ್ದೇ. ಮಿಕ್ಸಿಂಗ್‌ಗೆ ಕೂತಾಗ ಓವರ್‌ಹೆಡ್ ಒಂದು ಇಳಿಸಿದೆ, ಟಾಮ್ ಮೈಕ್ ಮುಚ್ಚಿದೆ. ಒಂದೊಂದು ಮುಚ್ಚಿದಾಗಲೂ ಸೌಂಡ್ ಸುಧಾರಿಸುತ್ತಲೇ ಹೋಯಿತು. ಇನ್ನೇನು ಬೇಕು ಸೂಚನೆ?

ಒಂದೇ ಮೈಕ್. ಮೊದಲು ಕಿಟ್ ಮುಂದೆ, ಎದೆಯೆತ್ತರಕ್ಕೆ ಇಟ್ಟೆ: ಸಿಂಬಲ್ ತಟ್ಟೆಗಳದೇ ರಾಜ್ಯ. ಡ್ರಮ್ಮರಿನ ಬಲಭುಜದ ಮೇಲಿಂದ ಸ್ನೇರ್ ಕಡೆ ತಿರುಗಿಸಿದೆ: ಸ್ನೇರ್ ಚೆನ್ನ, ಕಿಕ್ ಎಲ್ಲೋ ಪಕ್ಕದ ಬೀದಿಯಲ್ಲಿ. ಕೊನೆಗೆ ಕೂಡಿಬಂದ ಜಾಗ ವಿಚಿತ್ರದ್ದು. ಕಿಕ್ ಡ್ರಮ್ಮಿನ ಬಳೆಗಿಂತ ಸ್ವಲ್ಪ ಮೇಲೆ, ಫ್ಲೋರ್ ಟಾಮ್ ಪಕ್ಕದಿಂದ, ಸ್ನೇರಿನ ಚಿಪ್ಪನ್ನು ನೋಡುವ ಹಾಗೆ. ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಟ್ಟೆ) ಆ ಕಡೆಗಾಯಿತು, ನಡುವೆ ಟಾಮ್ ಅಡ್ಡ ನಿಂತಿತು. ಅರ್ಧ ಗೇಣು ಸರಿಸಿದರೂ ಕಿಕ್–ಸ್ನೇರ್ ಲೆಕ್ಕ ಬದಲಾಗುತ್ತದೆ. ಇಲ್ಲಿ ಫೇಡರ್ (ಸದ್ದು ಏರಿಳಿಸುವ ಗುಂಡಿ) ಅಂದರೆ ಮೈಕ್ ಸ್ಟ್ಯಾಂಡೇ.

ಮೈಕ್‌ಗಳಲ್ಲೂ ಜೋಡಿ ನೋಡಿದೆ. ಎಲ್ಲರ ಬಳಿ ಇರುವ ಶೂರ್ ಎಸ್‌ಎಂ57 ಸ್ನೇರನ್ನು ಮೂಗಿನಲ್ಲಿ ಮಾತಾಡಿಸಿತು, ಆದರೆ ಹಾಡಿನ ನಡುವೆ ಕಳೆದುಹೋಗಲಿಲ್ಲ. ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವ ರಿಬ್ಬನ್ ಮೈಕ್ ಸಿಂಬಲ್‌ನ ಚೂಪನ್ನು ತಾನೇ ಮೆದುಗೊಳಿಸಿತು. ಬೆನ್ನ ಕಡೆಯಿಂದಲೂ ಅಷ್ಟೇ ಕೇಳಿಸಿಕೊಳ್ಳುವ ಸ್ವಭಾವದ್ದಾದ್ದರಿಂದ ಕೋಣೆಯೂ ಬಂತು. ನಮ್ಮ ಸಿಮೆಂಟ್ ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಅದು ವರವೋ ಶಾಪವೋ? ಮೈಕಿನ ಹಿಂದೆ ಹಾಸಿಗೆಯೊಂದನ್ನು ಒರಗಿಸಿ ನಿಲ್ಲಿಸುವವರೆಗೆ ಶಾಪವೇ. ಆಮೇಲೆ ರಿಬ್ಬನ್ನೇ ಗೆದ್ದಿತು.

ಈಗ ಸ್ನೇರ್ ಚರ್ಮದ ಮೇಲೆ ಏನು ಹಾಕುವುದು ಅನ್ನುವುದು. ನನ್ನ ಲೆಕ್ಕದಲ್ಲಿ ಮೈಕಿಗಿಂತ ಇದು ದೊಡ್ಡ ಪ್ರಶ್ನೆ. ಆಲ್ ಜಾಕ್ಸನ್ ತಮ್ಮ ಪರ್ಸನ್ನೇ ಸ್ನೇರ್ ಮೇಲೆ ಇಡುತ್ತಿದ್ದರೆನ್ನುವುದು ಡ್ರಮ್ಮರ್‌ಗಳೆಲ್ಲ ಬಲ್ಲ ಮಾತು. ಪರ್ಸ್ ಇಟ್ಟು ಅಂಚಿಗೆ ಒಂದೇ ಕಡೆ ಟೇಪ್ ಹಚ್ಚಿದೆ. ಬಡಿದಾಗ ಪರ್ಸಿನ ಸಡಿಲ ತುದಿ ಕೂದಲೆಳೆಯಷ್ಟು ಮೇಲೆ ಹಾರಿ ಮತ್ತೆ ಕೂರುತ್ತದೆ. ಆ ಗಳಿಗೆಯಲ್ಲಿ ಚರ್ಮ ಪೂರ್ತಿ ಬಾಯಿ ಬಿಡುತ್ತದೆ, ಕೂತೊಡನೆ ಬಾಯಿ ಮುಚ್ಚುತ್ತದೆ. ಏಟು ಚುರುಕು, ಬಾಲ ಗಿಡ್ಡ. ಬರೀ ಟೇಪ್ ತುಂಡುಗಳು ಕಿರಿಕಿರಿಯ ರಿಂಗ್ ತೆಗೆದವು, ದಪ್ಪ ಕೊಡಲಿಲ್ಲ. ಟರ್ಕಿ ಟವೆಲ್ ಎಲ್ಲವನ್ನೂ ಕೊಂದು ಪುಸ್ತಕ ಬಡಿದಂತೆ ಮಾಡಿತು. ಕೆಲಸಕ್ಕೆ ಬಂದದ್ದು ತೆಳು ಪಾಣಿಪಂಚೆ, ಅದೂ ಹಲವು ಸಲ ಒಗೆದು ಗಂಜಿ ಹೋದದ್ದು. ಒಂದೇ ಪದರ, ಮುಕ್ಕಾಲು ಚರ್ಮ ಮುಚ್ಚುವಷ್ಟು. ಚರ್ಮವನ್ನು ಸಾಮಾನ್ಯಕ್ಕಿಂತ ಸಡಿಲ ಬಿಟ್ಟು, ಕೆಳಗಿನ ತಂತಿ ಮಾತ್ರ ಬಿಗಿ ಇಟ್ಟರೆ ಆ ಒಣ, ದಪ್ಪ ಸದ್ದು ಮೈಕಿಗಿಂತ ಮೊದಲು ಕೋಣೆಯಲ್ಲೇ ಕೇಳುತ್ತದೆ. ಸ್ಟ್ಯಾಕ್ಸ್ ಬಣ್ಣಕ್ಕೆ ಪರ್ಸ್, ರಾಯಲ್ ಬಣ್ಣಕ್ಕೆ ಪಾಣಿಪಂಚೆ. ಕೇಳಿದವರಿಗೆ ನಾನು ಹೇಳುವುದು ಇಷ್ಟೇ.

ಮೋಟೌನ್ ಬೇಕಾದವರು ಸ್ನೇರ್ ತಿದ್ದುತ್ತ ಕೂರುವುದು ಬೇಡ. ಅಲ್ಲಿ ಡ್ರಮ್ಮರ್ ಬೆನ್ನಿ ಬೆಂಜಮಿನ್ ಕೈಗೆ ಜ್ಯಾಕ್ ಆ್ಯಶ್‌ಫರ್ಡ್ ಟ್ಯಾಂಬೊರಿನ್ (ಕಂಜಿರದಂಥ ವಾದ್ಯ) ಸೇರುತ್ತದೆ, ಎರಡು–ನಾಲ್ಕರ (ತಾಳದ ಎರಡನೇ, ನಾಲ್ಕನೇ ಏಟಿನ) ಮೇಲೆ ಗಿಟಾರ್ ಕಚಕ್ಕೆನ್ನುತ್ತದೆ. 1964ರಲ್ಲಿ ಸುಪ್ರೀಮ್ಸ್ ಗಾಯಕಿಯರು ಮೊದಲ ಸಲ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿದ ಹಾಡಿನಲ್ಲಿ ಎದ್ದು ಕೇಳುವುದು ಮರದ ಹಲಗೆಯ ಮೇಲೆ ಬೂಟುಗಾಲಿನ ತುಳಿತ. ಟ್ಯಾಂಬೊರಿನ್ ಒಂದನ್ನು ಸ್ನೇರಿನ ಜೊತೆ ನುಡಿಸಿ ನೋಡಿ, ಅರ್ಧ ದಾರಿ ಅಲ್ಲೇ ಸವೆಯುತ್ತದೆ.

ಟೇಪ್ ಮೆಷಿನ್ ಮತ್ತು ಕಂಪ್ಯೂಟರಿನಲ್ಲಿ ಅದನ್ನು ಅನುಕರಿಸುವ ಟೇಪ್ ಪ್ಲಗಿನ್ ನಡುವಿನ ಜಗಳಕ್ಕೆ ನಾನು ಹೆಚ್ಚು ಸಮಯ ಕೊಡಲಾರೆ. ಗೆಳೆಯನೊಬ್ಬನ ರೀಲ್ ಮೆಷಿನ್‌ನಲ್ಲಿ ಜೋರಾಗಿ ತುಂಬಿಸಿದಾಗ ಏಟಿನ ಮೊನೆ ದುಂಡಗಾಯಿತು, ಚೆಂದವೇ. ಪ್ಲಗಿನ್ ಅದರ ಮುಕ್ಕಾಲು ಪಾಲು ಕೊಟ್ಟಿತು, ರೀಲಿನ ಖರ್ಚಿಲ್ಲದೆ. ಆರು ಮೈಕ್‌ನ ರೆಕಾರ್ಡಿಂಗ್‌ಗೆ ಎರಡರಲ್ಲಿ ಯಾವುದು ಹಚ್ಚಿದರೂ ಅದು ಮೆಂಫಿಸ್ ಆಗಲಿಲ್ಲ. ಪಾಣಿಪಂಚೆ, ಒಂದು ಮೈಕ್ ಇದ್ದಾಗ ಎರಡೂ ಇಲ್ಲದೆಯೇ ಹತ್ತಿರ ಬಂತು.

ಕೈ ಬಗ್ಗೆ ಎರಡು ಮಾತು. 1965ರಲ್ಲಿ ಸ್ಟ್ಯಾಕ್ಸ್‌ನಲ್ಲಿ ಗಾಯಕ ವಿಲ್ಸನ್ ಪಿಕೆಟ್ ರೆಕಾರ್ಡಿಂಗ್ ನಡೆಯುವಾಗ ನಿರ್ಮಾಪಕ ಜೆರಿ ವೆಕ್ಸ್ಲರ್ ಆಗಿನ ಹುಡುಗರ ಡ್ಯಾನ್ಸ್ ಹೆಜ್ಜೆ ಹಾಕಿ ತೋರಿಸಿದರು, ವಾದಕರು ಎರಡು–ನಾಲ್ಕರ ಏಟನ್ನು ಒಂಚೂರು ಹಿಂದಕ್ಕೆ ಎಳೆದರು. ಸ್ಯಾಂಪಲ್ ಟ್ರ್ಯಾಕ್‌ನಲ್ಲಿ ಸ್ನೇರನ್ನಷ್ಟೇ ಹಿಂದಕ್ಕೆ ತಳ್ಳಿದರೆ ಡ್ರಮ್ಮರಿಗೆ ನಿದ್ದೆ ಬಂದ ಹಾಗಿರುತ್ತದೆ. ಹೈ-ಹ್ಯಾಟ್ ನೇರ ನಡೆದು ಸ್ನೇರ್ ಮಾತ್ರ ಸೋಮಾರಿಯಾಗುವುದು ಕೈಯಲ್ಲೇ ಚೆನ್ನ. ಇನ್ನೊಂದು, ಮೆಲ್ಲಗೆ ನುಡಿಸಬೇಕು. ಜೋರಾಗಿ ಬಡಿದರೆ ಸಡಿಲ ಚರ್ಮ ಉಸಿರುಗಟ್ಟುತ್ತದೆ, ಸದ್ದು ಸಣ್ಣದಾಗುತ್ತದೆ.

ಹೈ-ಹ್ಯಾಟ್ ಒಂದು ಮಾತ್ರ ಇನ್ನೂ ಬಗ್ಗಿಲ್ಲ. ನನ್ನದು ಈ ಕಾಲದ ದಪ್ಪ ತಟ್ಟೆಗಳು, ಒಂದೇ ಮೈಕಿನೊಳಗೆ ಎಲ್ಲರಿಗಿಂತ ಮೊದಲು ನುಗ್ಗುತ್ತವೆ. ಕಡ್ಡಿಯ ತುದಿಯಲ್ಲಿ ಬರೀ ತಾಕಿಸುತ್ತಿದ್ದೇನೆ. ತೆಳುವಾದ ಹಳೇ ಜೋಡಿ ಯಾರಾದರೂ ಮಾರುವವರಿದ್ದರೆ ತಿಳಿಸಿ.