ಹಿಂದಿನ ಚಕ್ರಕ್ಕೊಂದೇ ಮೊಳೆ ಟಯರ್ ಹಾಕಿಕೊಡುವವರನ್ನು ನಂಬಬೇಡಿ

ಫಿನ್ಲೆಂಡಿನ ಔಲು ನಗರಕ್ಕೆ ಓದಲೋ ಕೆಲಸಕ್ಕೋ ಬರುತ್ತಿರುವ ಕನ್ನಡಿಗರು ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುವ ಮೊದಲು ಇದನ್ನು ಓದಿಬಿಡಿ. ಸ್ವೀಡನ್, ನಾರ್ವೆ ಕಡೆ ಇರುವವರಿಗೂ ಬಹುಪಾಲು ಅನ್ವಯಿಸುತ್ತದೆ. ನನ್ನ ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟದ್ದರಲ್ಲಿ ಮಂಜುಗಡ್ಡೆಯ ಪಾಲಿಗಿಂತ ಸೈಕಲ್ ಅಂಗಡಿಯವನ ಪಾಲೇ ಹೆಚ್ಚು ಎಂಬುದು ನನ್ನ ತೀರ್ಮಾನ.

ಇಲ್ಲಿ ಸೈಕಲ್ ಇಲ್ಲದೆ ಬದುಕುವುದು ಕಷ್ಟ. ನಗರದ ನಡುವಿನಿಂದ ವಿಶ್ವವಿದ್ಯಾಲಯವಿರುವ ಲಿನ್ನನ್‌ಮಾಗೆ ಸುಮಾರು ಐದು ಕಿಲೋಮೀಟರ್. ಸೈಕಲ್‌ಗೆಂದೇ ಪ್ರತ್ಯೇಕ ದಾರಿ, ಮುಖ್ಯರಸ್ತೆ ಅಡ್ಡ ಬಂದಲ್ಲೆಲ್ಲ ಕೆಳಸೇತುವೆ. ಚಳಿಗಾಲದ ಸೈಕಲ್ ಸವಾರಿಯ ಅಂತರರಾಷ್ಟ್ರೀಯ ಸಮ್ಮೇಳನ ಮೊದಲ ಬಾರಿ, 2013ರಲ್ಲಿ, ನಡೆದದ್ದು ಇದೇ ಊರಿನಲ್ಲಿ. ಹೀಗಾಗಿ ಹೊಸಬರೆಲ್ಲ ಶರತ್ಕಾಲದಲ್ಲಿ ಹಳೆಯ ಸೈಕಲ್ ಹುಡುಕುತ್ತಾ ಹೊರಡುತ್ತಾರೆ. ಅದನ್ನೇ ಕಾದು ಕುಳಿತ ಕೆಲವರೂ ಇರುತ್ತಾರೆ.

ನಾನು ಹೋದ ಅಂಗಡಿಯಲ್ಲಿ "ಚಳಿಗಾಲಕ್ಕೆ ಸಿದ್ಧ" ಎಂಬ ಚೀಟಿ ಅಂಟಿಸಿದ್ದ ಸೈಕಲ್ ತೋರಿಸಿದರು. ಮುಂದಿನ ಚಕ್ರಕ್ಕೆ 32 ಮಿ.ಮೀ. ಅಗಲದ ನುಣುಪು ಟಯರ್, ಹಿಂದಿನದಕ್ಕೆ ಮಾತ್ರ ಸ್ಟಡ್ ಟಯರ್, ಅಂದರೆ ರಬ್ಬರಿನಿಂದ ಲೋಹದ ಮೊಳೆಗಳು ತುಸು ಹೊರಗಿಣುಕುವಂಥದ್ದು. ಮುಂದೆ ಯಾಕಿಲ್ಲ ಎಂದು ಕೇಳಿದೆ. ಸೈಕಲನ್ನು ದೂಡುವುದು ಹಿಂದಿನ ಚಕ್ರ, ಹಿಡಿತ ಅಲ್ಲೇ ಬೇಕಾದದ್ದು, ಮುಂದಿನದಕ್ಕೆ ದುಡ್ಡು ದಂಡ ಎಂದರು. ಕೇಳಲು ಎಷ್ಟು ಸಮಂಜಸವಾಗಿದೆ ನೋಡಿ! ಆಮೇಲೆ ಒಳಗಿನ ಬೆಚ್ಚನೆಯ ವರ್ಕ್‌ಶಾಪಿಗೆ ಒಯ್ದು ಎರಡೂ ಚಕ್ರಗಳಿಗೆ ಆರು ಬಾರ್‌ವರೆಗೆ ಗಾಳಿ ತುಂಬಿಸಿ, "ಗಟ್ಟಿಯಾಗಿದ್ದರೆ ಹಗುರವಾಗಿ ಓಡುತ್ತದೆ" ಎಂದು ಕೈಗಿತ್ತರು. ಆರು ಬಾರ್ ಎಂದರೆ ನಮ್ಮ ಲೆಕ್ಕದಲ್ಲಿ 87 ಪಿಎಸ್ಐ.

ನವೆಂಬರಿನಲ್ಲಿ ಬಿದ್ದ ಹಿಮ ಒಂದು ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿತು. ಕರಗಿದ ನೀರೆಲ್ಲ ಹರಿದು ನಿಲ್ಲುವುದು ಕೆಳಸೇತುವೆಯ ತಗ್ಗಿನಲ್ಲಿ. ಮರುದಿನ ಬೆಳಿಗ್ಗೆ ಅಲ್ಲಿ ಇಳಿದು ತಿರುಗುವಾಗ ಮುಂದಿನ ಚಕ್ರ ಪಕ್ಕಕ್ಕೆ ಜಾರಿತು. ಬ್ರೇಕ್ ಹಿಡಿದಿರಲಿಲ್ಲ, ವೇಗವೂ ಇರಲಿಲ್ಲ. ಹಿಂದಿನ ಚಕ್ರ ಜಾರಿದರೆ ಬಾಲ ಬೀಸಿದಂತಾಗುತ್ತದೆ, ಕಾಲು ಊರಲು ಒಂದು ಕ್ಷಣವಾದರೂ ಸಿಗುತ್ತದೆ. ಮುಂದಿನದು ಜಾರಿದಾಗ ಆ ಕ್ಷಣವೂ ಇಲ್ಲ. ಮೈ ನೆಲದ ಮೇಲಿರುತ್ತದೆ, ಕೈ ಅದರ ಅಡಿಗಿರುತ್ತದೆ. ದಿಕ್ಕು ಹಿಡಿಯುವುದೂ, ಬ್ರೇಕ್ ಹಾಕಿದಾಗ ಹೆಚ್ಚು ಭಾರ ಹೊರುವುದೂ ಮುಂದಿನ ಚಕ್ರವೇ. ಒಂದೇ ಸ್ಟಡ್ ಟಯರಿಗೆ ದುಡ್ಡಿದ್ದರೆ ಅದು ಮುಂದೆ ಇರಬೇಕು. ಹಿಂದೆ ಮಾತ್ರ ಹಾಕಿಕೊಡುವವನಿಗೆ ಒಂದೋ ಗೊತ್ತಿಲ್ಲ, ಅಥವಾ ಅವನ ಬಳಿ ಉಳಿದಿರುವುದು ಒಂದೇ ಟಯರ್.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕುಳಿತಾಗ ಹಿಂದಿನ ಟಯರನ್ನೂ ಬೆರಳಿನಿಂದ ಸವರಿ ನೋಡಿದೆ. ಉಕ್ಕಿನ ಮೊಳೆಗಳು ಡಾಂಬರಿಗೆ ಉಜ್ಜಿ ರಬ್ಬರಿನ ಮಟ್ಟಕ್ಕೇ ಸವೆದಿದ್ದವು, ಕೆಲವು ಕಡೆ ಬರೀ ತೂತು. ಒಳ್ಳೆಯ ಟಯರುಗಳಲ್ಲಿ ಮೊಳೆಯ ತುದಿ ಟಂಗ್‌ಸ್ಟನ್ ಕಾರ್ಬೈಡಿನದು, ಅದು ವರ್ಷಗಟ್ಟಲೆ ಬರುತ್ತದೆ. ಅಗ್ಗದ ಉಕ್ಕಿನದು ಬರುವುದಿಲ್ಲ.

ಅಂಗಡಿಗೆ ಫೋನ್ ಮಾಡಿದರೆ, ಚಳಿಗಾಲದಲ್ಲಿ ಎಲ್ಲರೂ ಬೀಳುತ್ತಾರೆ, ಗಾಳಿಯ ಒತ್ತಡ ಟಯರಿನ ಮೇಲೆ ಬರೆದ ಮಿತಿಯೊಳಗೇ ಇತ್ತು ಎಂಬ ಉತ್ತರ ಬಂತು. ದುಡ್ಡು ವಾಪಸು ಬರಲಿಲ್ಲ.

ಇನ್ನೊಂದು ಸಲಹೆಯ ಬಗ್ಗೆಯೂ ಎಚ್ಚರ. ಇಲ್ಲಿ ನೆಲೆಸಿರುವ ನಮ್ಮವರೇ ಹೇಳುತ್ತಾರೆ: "ಇಲ್ಲಿನ ಅಜ್ಜಿಯರೇ ಮಾಮೂಲಿ ಟಯರಿನಲ್ಲಿ ಓಡಾಡುತ್ತಾರೆ, ನಿಮಗೇಕೆ ಸ್ಟಡ್?" ಅಜ್ಜಿಯರು ಓಡಾಡುವುದು ನಿಜ. ಆದರೆ ಮೈನಸ್ ಹತ್ತರಲ್ಲಿ ಯಂತ್ರ ಓಡಿಸಿ ಅದುಮಿದ ಹಿಮ ಒಣಗಿದ್ದು ಒರಟಾಗಿರುತ್ತದೆ, ಅಗಲವಾದ ಮಾಮೂಲಿ ಟಯರೂ ಅದನ್ನು ಕಚ್ಚಿ ಹಿಡಿಯುತ್ತದೆ. ಅಪಾಯ ಇರುವುದು ಸೊನ್ನೆಯ ಆಸುಪಾಸಿನಲ್ಲಿ. ಮಂಜುಗಡ್ಡೆಯ ಮೇಲೆ ತೆಳುವಾಗಿ ನೀರು ನಿಂತರೆ ಅದು ಎಣ್ಣೆ ಚೆಲ್ಲಿದ ಕಡಪಾ ಕಲ್ಲು. ಅಂಥ ದಿನಗಳು ಚಳಿಗಾಲದ ಆದಿಯಲ್ಲೂ ಅಂತ್ಯದಲ್ಲೂ ಹೆಚ್ಚು, ನಡುವೆಯೂ ಹೇಳದೆ ಬರುತ್ತವೆ. ಡಿಸೆಂಬರಿನಲ್ಲಿ ಹಗಲೇ ಮೂರೂವರೆ ಗಂಟೆ. ಕತ್ತಲಲ್ಲಿ ಹಿಮ ಯಾವುದು, ಗಾಜಿನಂಥ ಗಡ್ಡೆ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಮೇಲಾಗಿ ಆ ಅಜ್ಜಿಗೆ ಎಲ್ಲಿ ಇಳಿದು ತಳ್ಳಿಕೊಂಡು ಹೋಗಬೇಕು ಎಂಬ ಅರವತ್ತು ಚಳಿಗಾಲಗಳ ಅನುಭವವಿದೆ.

ಗಾಳಿಯ ವಿಷಯಕ್ಕೆ ಬರೋಣ, ಜನ ಹಗುರವಾಗಿ ತೆಗೆದುಕೊಳ್ಳುವುದು ಇದನ್ನೇ. ಗಟ್ಟಿ ಟಯರ್ ನೆಲವನ್ನು ಮುಟ್ಟುವುದು ಬಹಳ ಸಣ್ಣ ಜಾಗದಲ್ಲಿ. ನಾಲ್ಕು ಸಾಲು ಮೊಳೆಯ ಟಯರ್ ಇದ್ದರೂ ಪೂರ್ತಿ ಉಬ್ಬಿಸಿದರೆ ಅಂಚಿನ ಸಾಲುಗಳು ನೆಲಕ್ಕೆ ತಾಗುವುದೇ ಇಲ್ಲ; ಒತ್ತಡ ಇಳಿಸಿದಾಗ ಟಯರ್ ಅಗಲವಾಗಿ ಕುಳಿತು ಅವೂ ಕೆಲಸಕ್ಕೆ ಬರುತ್ತವೆ. ಆರಾಮದ ಪ್ರಶ್ನೆಯೂ ಇದೆ. ಹೆಪ್ಪುಗಟ್ಟಿದ ಹೆಜ್ಜೆ ಗುರುತು, ಗಾಲಿ ಗುರುತುಗಳ ಮೇಲೆ ಆರು ಬಾರ್‌ನಲ್ಲಿ ಹೋದರೆ ಹಲ್ಲು ಕಟಕಟಿಸುವುದು ಚಳಿಗಲ್ಲ. ನನ್ನ ತೂಕ 75 ಕೆಜಿಯ ಆಸುಪಾಸು. ಈಗ 42 ಮಿ.ಮೀ. ಸ್ಟಡ್ ಟಯರಿನಲ್ಲಿ ಮುಂದೆ 2.5, ಹಿಂದೆ 3 ಬಾರ್ ಇಡುತ್ತೇನೆ. ಹಿಮವಿಲ್ಲದ ಡಾಂಬರಿನಲ್ಲಿ ಒಂದು ಬಾರ್ ಏರಿಸುತ್ತೇನೆ.

ಆದರೆ ಅಳೆಯುವುದು ಎಲ್ಲಿ? ಮನೆಯೊಳಗಿನ 20 ಡಿಗ್ರಿಯಲ್ಲಿ 2.5 ಬಾರ್ ತುಂಬಿಸಿ ಮೈನಸ್ 15ಕ್ಕೆ ಹೊರಟರೆ ಗಾಳಿ ಕುಗ್ಗಿ ಅದು ಸುಮಾರು 2.1ಕ್ಕೆ ಇಳಿಯುತ್ತದೆ. ಟಯರಿನ ಪಕ್ಕೆಯ ಮೇಲೆ ಅಚ್ಚಾದ ಕನಿಷ್ಠಕ್ಕಿಂತ ಕೆಳಗಿಳಿದರೆ ಫುಟ್‌ಪಾತಿನ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಎರಡು ಕಡೆ ಸೀಳುತ್ತದೆ. ಮೈನಸ್ ಹದಿನೈದರಲ್ಲಿ ಬರಿಗೈಯಲ್ಲಿ ಟ್ಯೂಬು ಬದಲಿಸುವ ಕಷ್ಟ ಶತ್ರುವಿಗೂ ಬೇಡ. ಸೈಕಲನ್ನು ಹೊರಗೆ ಅರ್ಧ ಗಂಟೆ ನಿಲ್ಲಿಸಿ, ಅಲ್ಲೇ ಗೇಜ್ ಇರುವ ಪಂಪಿನಿಂದ ನೋಡಿ. ಊರಿನಲ್ಲಿ ಹೆಬ್ಬೆರಳಿನಿಂದ ಅದುಮಿ ನೋಡುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಚಳಿಗೆ ರಬ್ಬರೇ ಗಡುಸಾಗಿರುತ್ತದೆ.

ಚಕ್ರದ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಫ್ರೇಮಿನಲ್ಲಿರುವ ಜಾಗ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಕಿರುಬೆರಳು ಸಲೀಸಾಗಿ ತೂರದಿದ್ದರೆ ಕೆಸರುಹಿಮ ಅಲ್ಲಿ ಸೇರಿಕೊಂಡು ಹೆಪ್ಪುಗಟ್ಟಿ ಚಕ್ರವೇ ತಿರುಗದಂತೆ ಹಿಡಿಯುತ್ತದೆ. ಟಯರಿನ ಮೇಲೆ 42-622 ಎಂಬಂಥ ಸಂಖ್ಯೆ ಇರುತ್ತದೆ: ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. "28 ಇಂಚು" ಎಂಬ ಬಾಯಿಮಾತಿಗೆ ಬೆಲೆ ಕೊಡಬೇಡಿ. ನಮ್ಮೂರಿನ ಹಳೆಯ 28 ಇಂಚಿನ ಸೈಕಲ್ಲಿನ ರಿಮ್ 635, ಇಲ್ಲಿನ ಟಯರ್ ಅದಕ್ಕೆ ಕೂರುವುದೇ ಇಲ್ಲ. ರಿಮ್ಮನ್ನು ಒತ್ತಿ ಹಿಡಿಯುವ ಬ್ರೇಕು ಹಿಮದಲ್ಲಿ ಒದ್ದೆಯಾಗಿ ಹಿಡಿಯಲು ತಡಮಾಡುತ್ತದೆ, ಡಿಸ್ಕ್ ಅಥವಾ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಮೇಲು.

ಹೊಸ ಸ್ಟಡ್ ಟಯರ್ ಹಾಕಿದ ಮೇಲೆ ಮೊದಲ ನಲವತ್ತು ಕಿಲೋಮೀಟರ್ ಬರಿಯ ಡಾಂಬರಿನ ಮೇಲೆ, ಜೋರಾಗಿ ತುಳಿಯದೆ, ಗಕ್ಕನೆ ಬ್ರೇಕ್ ಹಾಕದೆ ಓಡಿಸಿ; ಮೊಳೆಗಳು ರಬ್ಬರಿನಲ್ಲಿ ಭದ್ರವಾಗಿ ಕೂರುತ್ತವೆ. ಇದಕ್ಕೆ ಹಿಮ ಬೀಳುವ ಮೊದಲೇ ಟಯರ್ ಕೈಯಲ್ಲಿರಬೇಕು. ಸೆಪ್ಟೆಂಬರಿನಲ್ಲೇ ಕೊಂಡುಬಿಡಿ. ಮೊದಲ ಹಿಮದ ವಾರದಲ್ಲಿ ಅಂಗಡಿಗೆ ಹೋದರೆ ಬೇಕಾದ ಅಳತೆ ಖಾಲಿಯಾಗಿರುತ್ತದೆ, ಆಗ "ಹಿಂದಕ್ಕೊಂದು ಸಾಕು" ಎನ್ನುವವರು ಸಿಗುತ್ತಾರೆ.