ಮೊದಲ ದಿನ ಮಲಗಲು ಬಿಟ್ಟ ಧ್ಯಾನಕೇಂದ್ರ

ಮಂಗಳೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಒಂದು ಕಥೋಲಿಕ ಧ್ಯಾನಕೇಂದ್ರದಲ್ಲಿ ಕಳೆದ ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ಮೂರು ದಿನ ಇದ್ದು ಬಂದೆ. ಮೆಚ್ಚಿದ್ದರ ಜೊತೆಗೆ ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಅದರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಮ್ಮ ಕರಾವಳಿಯಲ್ಲಿ ಇಂತಹ ಮನೆಗಳು ಹಲವಿವೆ. ದಣಿದು ಅವುಗಳ ಬಾಗಿಲು ತಟ್ಟುವವರು ಏನನ್ನು ವಿಚಾರಿಸಿಕೊಂಡು ಹೊರಡಬೇಕೆಂದು ತಿಳಿದರೆ ಸಾಕು.

ನನ್ನ ಸ್ಥಿತಿಯನ್ನು ಹೇಳದೆ ಈ ವಿಮರ್ಶೆಗೆ ಅರ್ಥವಿಲ್ಲ. ಎರಡು ವರ್ಷಗಳಿಂದ ಹಾಸಿಗೆ ಹಿಡಿದಿರುವ ಅತ್ತೆಯ ಆರೈಕೆ, ಶಾಲೆಯ ಪಾಠ, ಭಾನುವಾರ ಬೆಳಿಗ್ಗೆ ಸಂಡೆ ಸ್ಕೂಲ್, ಸಂಜೆ ಗಾಯನ ತಂಡದ ಅಭ್ಯಾಸ, ಇವೆಲ್ಲದರ ನಡುವೆ ನನ್ನ ಪ್ರಾರ್ಥನೆ ಯಾವಾಗ ಬರಿಯ ಬಾಯಿಪಾಠವಾಯಿತೆಂದು ನನಗೇ ತಿಳಿಯಲಿಲ್ಲ. ನಮ್ಮೂರಿನಲ್ಲಿ ಯಾವ ಸಂಕಟವನ್ನಾದರೂ ತಲೆಬಿಸಿ ಎಂದು ಕರೆದು ಮುಗಿಸುತ್ತೇವೆ. ಆದರೆ ನನ್ನೊಳಗೆ ಬಿಸಿಯೇ ಉಳಿದಿರಲಿಲ್ಲ, ಒಲೆ ಆರಿಹೋದ ಅಡಿಗೆಮನೆಯಂತಿತ್ತು. ನಮ್ಮ ಚರ್ಚಿನ ಗೋಡೆಯ ಮೇಲೆ ಬರೆದಿರುವ ‘ಹೊರೆಹೊತ್ತವರೇ’ ಎಂಬ ಯೇಸುವಿನ ಕರೆಯನ್ನು ಪ್ರತಿ ವಾರ ಓದುತ್ತಿದ್ದರೂ ಅದು ಇನ್ನೊಬ್ಬರಿಗೆ ಬಂದ ಪತ್ರದಂತೆ ತೋರುತ್ತಿತ್ತು.

ನಾನು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಯವಳು. ಧ್ಯಾನಕೂಟಕ್ಕೆ ಹೋಗಿ ಮೌನವಾಗಿ ಕೂರುವುದು ಕಥೋಲಿಕ ನೆರೆಹೊರೆಯವರ ರೂಢಿಯೇ ಹೊರತು ನಮ್ಮ ಮನೆಯದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ಇಲ್ಲಿ 1841ರಲ್ಲಿ ಮುದ್ರಣಾಲಯವನ್ನು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು, ಮಗ್ಗವೂ ಇತ್ತು. ಆ ಕೆಲಸಗಳಲ್ಲಿ ದುಡಿದು ತಲೆ ಎತ್ತಿ ನಿಂತವರ ಮೊಮ್ಮಕ್ಕಳಾದ ನಮಗೆ ಸೋಮಾರಿತನ ಪಾಪವೆಂದು ಚೆನ್ನಾಗಿ ಗೊತ್ತು, ವಿಶ್ರಾಂತಿ ಆಜ್ಞೆಯೆಂದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಚೀಲ ಹಿಡಿದು ಮನೆಯಿಂದ ಹೊರಟಾಗ ನನಗೆ ಕಳ್ಳತನ ಮಾಡುತ್ತಿರುವಂತೆ ಅನ್ನಿಸಿದ್ದು ಇದರಿಂದಲೇ ಇರಬೇಕು.

ಗುರುವಾರ ಸಂಜೆ ಮಳೆಯಲ್ಲಿ ನೆನೆದು ಒಳಗೆ ಕಾಲಿಟ್ಟಾಗ ಸಿಸ್ಟರ್ ಒಬ್ಬರು ಹೆಸರು ಬರೆದುಕೊಂಡು ಕೀಲಿಕೈ ಕೊಟ್ಟರು. “ಇವತ್ತು ಏನೂ ಮಾಡಬೇಡಿ. ಊಟ ಮಾಡಿ ಮಲಗಿ. ನಾಳೆ ಬೆಳಿಗ್ಗೆ ಗಂಟೆ ಹೊಡೆದರೂ ಏಳಬೇಕಾಗಿಲ್ಲ” ಎಂದರು. ವೇಳಾಪಟ್ಟಿಯನ್ನು ಕೇಳಿದೆ, ಶುಕ್ರವಾರ ಮಧ್ಯಾಹ್ನ ಕೊಡುತ್ತೇವೆ ಎಂಬ ಉತ್ತರ ಬಂತು. ಹೆಂಚಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ನಾನು ಹನ್ನೊಂದು ಗಂಟೆ ನಿದ್ದೆ ಮಾಡಿದೆ. ಎದ್ದು ಬಂದಾಗ ಊಟದ ಕೋಣೆಯಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನ ಮಿಡಿಯ ಉಪ್ಪಿನಕಾಯಿ ಇನ್ನೂ ಮುಚ್ಚಿಟ್ಟಿದ್ದವು. ತಡವಾಯಿತೆಂದು ಯಾರೂ ಹುಬ್ಬೇರಿಸಲಿಲ್ಲ.

ಮಧ್ಯಾಹ್ನ ಧ್ಯಾನಕ್ಕೆಂದು ಕೊಟ್ಟದ್ದು ಒಂದೇ ಅಧ್ಯಾಯ, ಸತ್ಯವೇದದ (ಬೈಬಲಿನ) 1 ಅರಸುಗಳು 19. ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳನ್ನು ಗೆದ್ದ ಪ್ರವಾದಿ ಎಲೀಯನು ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಬೇಡಿ ನಿದ್ದೆಹೋಗುತ್ತಾನೆ. ಸಂಡೆ ಸ್ಕೂಲಿನಲ್ಲಿ ಈ ಕಥೆಯನ್ನು ಹತ್ತಾರು ಸಲ ಹೇಳಿದ್ದೇನೆ, ಪ್ರತಿ ಸಲವೂ ಹೋರೇಬ್ ಬೆಟ್ಟದ ಬಿರುಗಾಳಿ, ಭೂಕಂಪ, ಬೆಂಕಿ ಮತ್ತು ಮೆಲ್ಲನೆಯ ಶಬ್ದದ ಕಡೆಗೇ ಅವಸರದಿಂದ ಓಡಿದ್ದೇನೆ. ಅದಕ್ಕೆ ಮೊದಲು ದೇವದೂತನು ಬಂದು ಮಾಡಿದ್ದು ಇಷ್ಟೇ: ತಟ್ಟಿ ಎಬ್ಬಿಸಿದನು, ಕೆಂಡದಲ್ಲಿ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸಿದನು. ತಿಂದ ಎಲೀಯನು ಮತ್ತೆ ಮಲಗಿದಾಗ ಗದರಿಸಲಿಲ್ಲ. ಎರಡನೆಯ ಸಲ ಎಬ್ಬಿಸಿ, ದಾರಿ ನಿನ್ನ ಶಕ್ತಿಗೆ ಮೀರಿದ್ದು, ತಿನ್ನು ಎಂದನು. ನಲವತ್ತು ದಿನದ ನಡಿಗೆ ಆಮೇಲೆ. ಈ ಮನೆಯವರು ಆ ಅಧ್ಯಾಯವನ್ನು ಕೈಗೆ ಕೊಡುವ ಮೊದಲೇ, ಗಂಜಿಯಲ್ಲಿ ಮತ್ತು ನಿದ್ದೆಯಲ್ಲಿ, ಅದನ್ನು ನನಗೆ ಓದಿಸಿದ್ದರು.

ಅದೇ ಸಂಜೆ ಅರ್ಧ ಗಂಟೆ ಹಿರಿಯ ಧರ್ಮಗುರುಗಳೊಬ್ಬರ ಜೊತೆ ಮಾತುಕತೆ ಇತ್ತು. ಅವರು ಪಾಪದ ವಿಷಯ ಎತ್ತಲಿಲ್ಲ. ನಿದ್ದೆ ಹೇಗೆ, ಊಟ ಹೇಗೆ, ಈಗ ಮನೆಯಲ್ಲಿ ಅತ್ತೆಯ ಬಳಿ ಯಾರಿದ್ದಾರೆ ಎಂದು ಕೇಳಿದರು. ಸಂಡೆ ಸ್ಕೂಲಿಗೆ ರಾಜೀನಾಮೆಯ ಪತ್ರ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ ಎಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಯೇಸುಸಭೆ (ಜೆಸ್ವಿಟ್) ಎಂಬ ಗುರುಗಳ ಸಂಘವನ್ನು ಕಟ್ಟಿದ ಸಂತ ಇಗ್ನೇಷಿಯಸರ ಒಂದು ನಿಯಮವನ್ನು ಹೇಳಿದರು: ಮನಸ್ಸು ಬರಡಾಗಿರುವಾಗ, ಅದು ಹಸಿರಾಗಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಬದುಕೇ ಬೇಡವೆನ್ನುವಷ್ಟು ಕುಸಿದಿದ್ದ ಮನುಷ್ಯನ ಮಾತು ಇದು ಎಂದು ತಿಳಿದಾಗ ಅದಕ್ಕೆ ತೂಕ ಬಂತು. ಬಿಡಬೇಡಿ ಎಂದು ಅವರು ಒತ್ತಾಯಿಸಲಿಲ್ಲ, ಈಗ ಬಿಡಬೇಡಿ ಎಂದರು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಸಾಯುವ ಯೋಚನೆ ಸುಳಿದರೆ ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಹೋಗಬೇಕೆಂದು ಸ್ಪಷ್ಟವಾಗಿಯೇ ಹೇಳಿದರು. ಪ್ರಾರ್ಥನಾಲಯದ ಬಾಗಿಲಿನ ಪಕ್ಕದಲ್ಲಿ, ಬಲಿಪೂಜೆಯ (ಕಥೋಲಿಕರ ಮಾಸ್ ಆರಾಧನೆಯ) ಸಮಯದ ಹಾಳೆಯ ಕೆಳಗೆ, ಸರಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಅಂಟಿಸಿದ್ದರು. ಧಾರ್ಮಿಕ ಸ್ಥಳವೊಂದರಲ್ಲಿ ಅದನ್ನು ನಾನು ಕಂಡದ್ದು ಇದೇ ಮೊದಲು.

ಶನಿವಾರ ಕೆಟ್ಟಿತು. ಹೊರಗಿನಿಂದ ಬಂದ ಬೋಧಕರೊಬ್ಬರ ಸಾರ್ವಜನಿಕ ಕೂಟ ಅದೇ ಆವರಣದಲ್ಲಿ ಇದೆಯೆಂದು ನಮಗೆ ಮೊದಲೇ ತಿಳಿಸಿರಲಿಲ್ಲ. ಎರಡು ದಿನ ಪಿಸುಮಾತೂ ಇಲ್ಲದಿದ್ದ ಜಾಗದಲ್ಲಿ ಧ್ವನಿವರ್ಧಕ ಗುಡುಗತೊಡಗಿತು. ಪ್ರಸಂಗ ಅರ್ಧ ಕೊಂಕಣಿಯಲ್ಲಿತ್ತು, ಅದರ ಬಗ್ಗೆ ನನ್ನ ದೂರಿಲ್ಲ. ಆದರೆ ಕನ್ನಡದಲ್ಲಿ ನನಗೆ ಅರ್ಥವಾದ ಅರ್ಧದಲ್ಲಿ ಅವರು, ವಿಶ್ವಾಸಿಗೆ ಬೇಸರ ಬರುವುದೇ ವಿಶ್ವಾಸ ಕಡಿಮೆಯಾದುದರ ಗುರುತು ಎಂದರು. ಹಿಂದಿನ ದಿನವಷ್ಟೇ ಎಲೀಯನ ಜೊತೆ ಕುಳಿತಿದ್ದ ನನಗೆ ಆ ಮಾತು ಸಹಿಸಲಾಗಲಿಲ್ಲ. ಕೊನೆಯ ಸಾಲಿನವರೆಗೂ ಕತ್ತಲೆಯಲ್ಲಿಯೇ ಮುಗಿಯುವ 88ನೆಯ ಕೀರ್ತನೆಯನ್ನು ಸತ್ಯವೇದದಿಂದ ಹರಿದುಹಾಕದೆ ಯಾರೂ ಹಾಗೆ ಬೋಧಿಸಲಾರರು. ಎದ್ದು ಹೊರಬಂದು ಜಗಲಿಯಲ್ಲಿ ಕುಳಿತೆ. ಯಾರೂ ತಡೆಯಲಿಲ್ಲ, ಮೊದಲ ದಿನದ ಅದೇ ಸಿಸ್ಟರ್ ಕಪ್ಪು ಚಹಾ ತಂದಿಟ್ಟು, ಏನನ್ನೂ ಕೇಳದೆ ಹೋದರು.

ಉಳಿದ ಸಂಗತಿಗಳು ಚಿಕ್ಕವು. ದಿನಕ್ಕೆ ಊಟವೂ ಸೇರಿ 700 ರೂಪಾಯಿ, ಕೊಟ್ಟದ್ದಕ್ಕೆ ಮೋಸವಿಲ್ಲ. ಕೋಣೆಗೆ ಮುಗ್ಗಲು ವಾಸನೆ, ಹೊದಿಕೆ ಒಣಗಿರಲಿಲ್ಲ, ಸೊಳ್ಳೆಗೆ ಪರದೆ ಇಲ್ಲ. ನನ್ನಂತಹ ಪ್ರೊಟೆಸ್ಟೆಂಟರು ಬಲಿಪೂಜೆಯಲ್ಲಿ ಕೂರಬಹುದು, ಅಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಅವರು ಮೃದುವಾಗಿಯೇ ಹೇಳಿದರೂ, ಮೊದಲೇ ತಿಳಿದು ಹೋದರೆ ಆ ಗಳಿಗೆಯ ಮುಜುಗರ ತಪ್ಪುತ್ತದೆ.

ಮೂರು ದಿನ ಮನೆ ಬಿಡಲಾಗದವರು ಮಂಗಳೂರಿನ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಒಂದು ಗಂಟೆ ಕುಳಿತು ನೋಡಬಹುದು. ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಆರಂಭಿಸಿದ ಅಲ್ಲಿನ ಚಿತ್ರಗಳನ್ನು ಶಾಲೆಯ ಪ್ರವಾಸದಲ್ಲಿ ಮಕ್ಕಳಿಗೆ ತೋರಿಸುತ್ತ ಎಷ್ಟೋ ಸಲ ಹೋಗಿದ್ದೆ. ಊರಿಗೆ ಮರಳಿದ ಮೇಲೆ ಒಬ್ಬಳೇ ಹೋದೆ. ರೋಮಿನಲ್ಲಿ ಪ್ಲೇಗ್ ರೋಗಿಗಳನ್ನು ಹೊತ್ತು ಉಪಚರಿಸಿ, ಅದರಿಂದಲೇ 1591ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ ಹುಡುಗ ಅಲೋಶಿಯಸನ ಬದುಕು ಅಲ್ಲಿನ ಚಿತ್ರಗಳಲ್ಲಿದೆ. ರೋಗಿಯ ಮೈಭಾರ ಏನೆಂದು ತಿಳಿದ ತೋಳುಗಳಿಗೆ ಆ ಚಿತ್ರಗಳು ಬೇರೆಯಾಗಿಯೇ ಕಾಣುತ್ತವೆ.

ರಾಜೀನಾಮೆಯ ಪತ್ರ ಇನ್ನೂ ಚೀಲದಲ್ಲಿದೆ. ವಾರಕ್ಕೆ ಎರಡು ರಾತ್ರಿ ಅತ್ತೆಯ ಬಳಿ ಮಲಗಲು ನಾದಿನಿ ಒಪ್ಪಿದ್ದಾಳೆ. ಅವಳನ್ನು ಕೇಳಬಹುದೆಂಬುದು ಎರಡು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಈ ಧ್ಯಾನಕೇಂದ್ರಕ್ಕೆ ಮತ್ತೆ ಹೋಗುತ್ತೇನೆ: ಎರಡು ಒಣ ಹೊದಿಕೆ ಮತ್ತು ಸೊಳ್ಳೆಪರದೆಯನ್ನು ಕಟ್ಟಿಕೊಂಡು, ಆ ವಾರ ಯಾವ ಬೋಧಕರು ಬರುತ್ತಾರೆಂದು ಫೋನಿನಲ್ಲಿ ಕೇಳಿಕೊಂಡು, ಗುರುವಾರ ಸಂಜೆ ಕತ್ತಲಾಗುವ ಮೊದಲು.